ಹೃದಯ ನಿಂತಾಗ ಮೊದಲ ಹತ್ತು ನಿಮಿಷ: ಮಕ್ಕಳಿಗೂ ಜನಸಾಮಾನ್ಯರಿಗೂ ಸಿಪಿಆರ್ ಮತ್ತು ಎಇಡಿ ಶಿಕ್ಷಣ

ಚೆನ್ನಾಗಿದ್ದ ವ್ಯಕ್ತಿಯೊಬ್ಬರು ಇದ್ದಕ್ಕಿದ್ದಂತೆ ಕುಸಿದುಬಿದ್ದು, ಪ್ರಜ್ಞೆ ತಪ್ಪಿ, ಉಸಿರಾಟವೂ ನಿಂತುಹೋದಾಗ ಅವರನ್ನು ಉಳಿಸಬಲ್ಲವರು ಯಾರು? ವೈದ್ಯರು ಎಂಬುದೇ ಬಹುಮಂದಿಗೆ ಹೊಳೆಯುವ ಉತ್ತರ. ಆದರೆ ಮೊದಲ ಹತ್ತು ನಿಮಿಷಗಳ ಮಟ್ಟಿಗೆ ಈ ಉತ್ತರ ಸಲ್ಲದು. ಆ ಹೊತ್ತಿನಲ್ಲಿ ವೈದ್ಯರು ಸಾಮಾನ್ಯವಾಗಿ ಅಲ್ಲಿರುವುದಿಲ್ಲ. ಆಂಬುಲೆನ್ಸ್ ಇನ್ನೂ ದಾರಿಯಲ್ಲಿರುತ್ತದೆ. ಪಕ್ಕದಲ್ಲಿ ಇರುವವರು ಮಡದಿ, ಮಗಳು, ಮೊಮ್ಮಗ, ನೆರೆಮನೆಯವರು ಅಥವಾ ಕಟ್ಟಡದ ಕಾವಲುಗಾರ. ಲೆಕ್ಕ ಇಟ್ಟಿರುವ ದೇಶಗಳ ಅನುಭವದಂತೆ, ಆಸ್ಪತ್ರೆಯ ಹೊರಗೆ ಸಂಭವಿಸುವ ಹೃದಯ ಸ್ತಂಭನಗಳಲ್ಲಿ ಶೇಕಡಾ 70ರ ಆಸುಪಾಸು ಮನೆಯಲ್ಲಿಯೇ ಸಂಭವಿಸುತ್ತವೆ. ಆದುದರಿಂದ ಪ್ರಾಣ ಉಳಿಸುವ ಪ್ರಥಮ ಹೊಣೆ ಮನೆಯವರ ಕೈಯಲ್ಲಿಯೇ ಇದೆ.

ಆ ಹೊಣೆಯನ್ನು ನಿರ್ವಹಿಸಲು ಎರಡು ಸಾಧನಗಳಿವೆ. ಒಂದು, ಬರಿಗೈಯಿಂದ ಎದೆಯನ್ನು ಒತ್ತಿ ರಕ್ತ ಸಂಚಾರವನ್ನು ಕಾಯ್ದುಕೊಳ್ಳುವ ಸಿಪಿಆರ್. ಇನ್ನೊಂದು, ವಿದ್ಯುತ್ ಆಘಾತದಿಂದ ಹೃದಯದ ಲಯವನ್ನು ಮರಳಿಸುವ ಎಇಡಿ ಎಂಬ ಸಣ್ಣ ಯಂತ್ರ. ಎರಡನ್ನೂ ವೈದ್ಯಕೀಯ ಓದಿಲ್ಲದವರು, ಶಾಲಾ ಮಕ್ಕಳು ಕೂಡ, ಕೆಲವೇ ಗಂಟೆಗಳಲ್ಲಿ ಕಲಿಯಬಹುದು. ಈ ಶಿಕ್ಷಣ ಹುಟ್ಟಿ ಬೆಳೆದ ಬಗೆ, ಅದರಿಂದ ದೊರೆತ ಫಲ, ಕಲಿಯಬೇಕಾದ ಕ್ರಮ ಇವನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹೃದಯಾಘಾತ ಮತ್ತು ಹೃದಯ ಸ್ತಂಭನ

ಆಡುಮಾತಿನಲ್ಲಿ ಎರಡನ್ನೂ 'ಹಾರ್ಟ್ ಅಟ್ಯಾಕ್' ಎಂದೇ ಕರೆಯುವುದು ರೂಢಿ. ವಾಸ್ತವದಲ್ಲಿ ಇವು ಬೇರೆ ಬೇರೆ. ಹೃದಯದ ಸ್ನಾಯುವಿಗೆ ರಕ್ತ ಒಯ್ಯುವ ನಾಳದಲ್ಲಿ ತಡೆ ಉಂಟಾಗಿ ಸ್ನಾಯುವಿಗೆ ಹಾನಿಯಾಗುವುದು ಹೃದಯಾಘಾತ. ಇಂತಹ ರೋಗಿಗೆ ಸಾಮಾನ್ಯವಾಗಿ ಪ್ರಜ್ಞೆ ಇರುತ್ತದೆ. ಎದೆನೋವು, ಬೆವರು, ಉಸಿರಾಟದ ತೊಂದರೆಯನ್ನು ಹೇಳಿಕೊಳ್ಳುತ್ತಾರೆ. ಅವರನ್ನು ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು. ಎದೆಯನ್ನು ಒತ್ತುವ ಅಗತ್ಯವಿಲ್ಲ.

ಹೃದಯ ಸ್ತಂಭನದಲ್ಲಿ ಹೃದಯವು ರಕ್ತವನ್ನು ಹೊರದೂಡುವ ಕೆಲಸವನ್ನೇ ನಿಲ್ಲಿಸುತ್ತದೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ. ಹೃದಯಾಘಾತವು ಇದಕ್ಕೆ ಒಂದು ಮುಖ್ಯ ಕಾರಣ. ಹೃದಯದ ವಿದ್ಯುತ್ ವ್ಯವಸ್ಥೆಯ ಜನ್ಮಜಾತ ದೋಷ, ವಿದ್ಯುತ್ ಸ್ಪರ್ಶ, ನೀರಿನಲ್ಲಿ ಮುಳುಗುವುದು, ಉಸಿರುಗಟ್ಟುವುದು ಇವೂ ಕಾರಣಗಳಾಗಬಹುದು. ವಯಸ್ಕರಲ್ಲಿ ಹಠಾತ್ ಸ್ತಂಭನವಾದಾಗ ಅನೇಕ ವೇಳೆ ಹೃದಯದ ಕೆಳಕೋಣೆಗಳಾದ ಹೃತ್ಕುಕ್ಷಿಗಳು ಲಯ ತಪ್ಪಿ ಅದುರತೊಡಗಿರುತ್ತವೆ. ಸ್ನಾಯು ನಡುಗುತ್ತದೆಯೇ ಹೊರತು ರಕ್ತ ಮುಂದೆ ಸಾಗುವುದಿಲ್ಲ.

ರಕ್ತ ಸಂಚಾರ ನಿಂತ ನಾಲ್ಕಾರು ನಿಮಿಷಗಳಲ್ಲಿ ಮೆದುಳಿಗೆ ಹಾನಿ ಆರಂಭವಾಗುತ್ತದೆ. ಸಿಪಿಆರ್ ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೂ ಬದುಕುಳಿಯುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ. ಯಾರಾದರೂ ಎದೆಯೊತ್ತುತ್ತಿದ್ದರೆ ಈ ಕುಸಿತದ ವೇಗ ಅರ್ಧಕ್ಕೆ ಇಳಿಯುತ್ತದೆ. ಮಹಾನಗರದ ವಾಹನದಟ್ಟಣೆಯನ್ನೂ, ಹತ್ತನೆಯ ಅಂತಸ್ತಿನ ಮನೆಗೆ ಸ್ಟ್ರೆಚರ್ ತಲಪಲು ಹಿಡಿಯುವ ಸಮಯವನ್ನೂ ಬಲ್ಲ ನಮ್ಮ ಓದುಗರಿಗೆ ಈ ಲೆಕ್ಕವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ವಿದ್ಯೆ ನಡೆದುಬಂದ ದಾರಿ

ವಿದ್ಯುತ್ ಆಘಾತದಿಂದ ಮನುಷ್ಯರ ಹೃದಯವನ್ನು ಮತ್ತೆ ಲಯಕ್ಕೆ ತಂದ ಮೊದಲ ಯಶಸ್ವೀ ಪ್ರಯೋಗ ನಡೆದದ್ದು 1947ರಲ್ಲಿ, ಅಮೆರಿಕದ ಕ್ಲೀವ್‌ಲ್ಯಾಂಡ್ ನಗರದಲ್ಲಿ. ಶಸ್ತ್ರವೈದ್ಯ ಕ್ಲಾಡ್ ಬೆಕ್ ಅವರು ಶಸ್ತ್ರಚಿಕಿತ್ಸೆಯ ನಡುವೆ ಹೃದಯ ನಿಂತ 14 ವರ್ಷದ ಬಾಲಕನೊಬ್ಬನನ್ನು ಹೀಗೆ ಉಳಿಸಿದರು. ಆಗ ತೆರೆದ ಎದೆಯೊಳಗೆ, ನೇರವಾಗಿ ಹೃದಯದ ಮೇಲೆಯೇ ವಿದ್ಯುತ್ ಫಲಕಗಳನ್ನು ಇಡಬೇಕಾಗಿತ್ತು. ಎದೆಯ ಹೊರಗಿನಿಂದಲೇ ಆಘಾತ ನೀಡಬಹುದೆಂಬುದನ್ನು 1950ರ ದಶಕದಲ್ಲಿ ಬಾಸ್ಟನ್ನಿನ ಪಾಲ್ ಜೋಲ್ ತೋರಿಸಿದರು.

ಎದೆಯೊತ್ತುವ ವಿಧಾನವು ಆಕಸ್ಮಿಕವಾಗಿ ಕಂಡುಬಂದದ್ದು. ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್ ಸಂಸ್ಥೆಯಲ್ಲಿ ನಾಯಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದಾಗ, ಭಾರವಾದ ವಿದ್ಯುತ್ ಫಲಕಗಳನ್ನು ಎದೆಗೆ ಅದುಮಿದಾಗಲೆಲ್ಲ ರಕ್ತದೊತ್ತಡ ತುಸು ಏರುವುದನ್ನು ಸಂಶೋಧಕ ಗೈ ನಿಕರ್‌ಬಾಕರ್ ಗಮನಿಸಿದರು. ಅವರು, ವಿದ್ಯುತ್ ತಜ್ಞ ವಿಲಿಯಂ ಕೌವೆನ್‌ಹೋವನ್ ಮತ್ತು ವೈದ್ಯ ಜೇಮ್ಸ್ ಜೂಡ್ ಕೂಡಿ 1960ರಲ್ಲಿ ಪ್ರಕಟಿಸಿದ ಲೇಖನವು ಇಂದಿನ ಸಿಪಿಆರ್‌ಗೆ ತಳಹದಿಯಾಯಿತು. ಯಾರೇ ಆಗಲಿ, ಎಲ್ಲಿಯೇ ಆಗಲಿ, ಎರಡು ಕೈಗಳಿದ್ದರೆ ಸಾಕು ಎಂಬುದು ಅದರ ಸಾರಾಂಶ. ಪೀಟರ್ ಸಫಾರ್ ಮತ್ತು ಜೇಮ್ಸ್ ಎಲಾಮ್ ಅವರು ಬಾಯಿಯಿಂದ ಬಾಯಿಗೆ ಉಸಿರು ನೀಡುವ ಕ್ರಮವನ್ನು ಅದೇ ಕಾಲದಲ್ಲಿ ಸಿದ್ಧಪಡಿಸಿದ್ದರು.

ಜನರಿಗೆ ಕಲಿಸಲು ಒಂದು ಬೊಂಬೆ ಬೇಕಾಯಿತು. ಅದನ್ನು ಮಾಡಿಕೊಟ್ಟವರು ನಾರ್ವೆಯ ಸ್ಟಾವಾಂಗರ್ ಪಟ್ಟಣದ ಆಟಿಕೆ ತಯಾರಕ ಆಸ್ಮುಂಡ್ ಲೇರ್ದಾಲ್. 1960ರಲ್ಲಿ ಹೊರಬಂದ 'ರಿಸಸಿ ಆ್ಯನ್' ಎಂಬ ಆ ಬೊಂಬೆಯ ಮುಖವನ್ನು, ಪ್ಯಾರಿಸ್ಸಿನ ಸೀನ್ ನದಿಯಲ್ಲಿ ಮುಳುಗಿ ತೀರಿಕೊಂಡಳೆಂದು ಹೇಳಲಾಗುವ ಅನಾಮಿಕ ತರುಣಿಯೊಬ್ಬಳ ಮುಖದಚ್ಚನ್ನು ಅನುಸರಿಸಿ ರೂಪಿಸಲಾಯಿತು. ಇಂದಿಗೂ ಜಗತ್ತಿನ ತರಬೇತಿ ಶಿಬಿರಗಳಲ್ಲಿ ಆ ಮುಖವೇ ಕಾಣುತ್ತದೆ.

ಡಿಫಿಬ್ರಿಲೇಟರ್ ಯಂತ್ರವು ಆಸ್ಪತ್ರೆಯ ಗೋಡೆ ದಾಟಿದ್ದು 1965ರಲ್ಲಿ. ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿ ವೈದ್ಯ ಫ್ರಾಂಕ್ ಪ್ಯಾಂಟ್ರಿಜ್ ಅವರು ಕಾರಿನ ಬ್ಯಾಟರಿಗಳಿಂದ ನಡೆಯುವ, ಸುಮಾರು 70 ಕಿಲೋ ತೂಕದ ಯಂತ್ರವನ್ನು ಆಂಬುಲೆನ್ಸಿನಲ್ಲಿ ಅಳವಡಿಸಿದರು. ರೋಗಿಯನ್ನು ಯಂತ್ರದ ಬಳಿಗೆ ಒಯ್ಯುವ ಬದಲು ಯಂತ್ರವನ್ನೇ ರೋಗಿಯ ಬಳಿಗೆ ಒಯ್ಯಬೇಕೆಂಬ ಈ ವಿಚಾರವೇ ಮುಂದೆ ಒಂದೆರಡು ಕಿಲೋ ತೂಕದ ಇಂದಿನ ಎಇಡಿಗೆ ದಾರಿ ಮಾಡಿತು. ಸಾಮಾನ್ಯ ನಾಗರಿಕರಿಗೆ ಸಾಮೂಹಿಕವಾಗಿ ಸಿಪಿಆರ್ ಕಲಿಸುವ ಕೆಲಸವನ್ನು 1970ರ ದಶಕದ ಆರಂಭದಲ್ಲಿ ದೊಡ್ಡ ಪ್ರಮಾಣದಲ್ಲಿ ಕೈಗೊಂಡ ನಗರ ಅಮೆರಿಕದ ಸಿಯಾಟಲ್.

ಎಇಡಿ ಮಾಡುವುದೇನು?

ಎಇಡಿ ಎಂದರೆ 'ಆಟೋಮೇಟೆಡ್ ಎಕ್ಸ್‌ಟರ್ನಲ್ ಡಿಫಿಬ್ರಿಲೇಟರ್', ಅಂದರೆ ಹೃದಯದ ಲಯವನ್ನು ತಾನೇ ಪರೀಕ್ಷಿಸಿ ಆಘಾತ ನೀಡಬೇಕೇ ಬೇಡವೇ ಎಂಬುದನ್ನು ನಿರ್ಧರಿಸುವ ಯಂತ್ರ. ಮುಚ್ಚಳ ತೆರೆದೊಡನೆ ಅಥವಾ ಗುಂಡಿ ಒತ್ತಿದೊಡನೆ ಅದು ಮಾತನಾಡತೊಡಗುತ್ತದೆ. ಎರಡು ಅಂಟುಪಟ್ಟಿಗಳನ್ನು ಬರಿ ಎದೆಗೆ ಅಂಟಿಸಲು ಹೇಳುತ್ತದೆ. ಎಲ್ಲಿ ಅಂಟಿಸಬೇಕೆಂಬ ಚಿತ್ರ ಪಟ್ಟಿಯ ಮೇಲೆಯೇ ಇರುತ್ತದೆ. ಬಳಿಕ ಯಾರೂ ರೋಗಿಯನ್ನು ಮುಟ್ಟಬಾರದೆಂದು ಎಚ್ಚರಿಸಿ ಲಯವನ್ನು ಪರೀಕ್ಷಿಸುತ್ತದೆ. ಹೃತ್ಕುಕ್ಷಿಗಳು ಅದುರುತ್ತಿದ್ದರೆ ಮಾತ್ರ ಆಘಾತದ ಗುಂಡಿ ಒತ್ತುವಂತೆ ಸೂಚಿಸುತ್ತದೆ. ಕೆಲವು ಮಾದರಿಗಳು ತಾವೇ ಆಘಾತ ನೀಡುತ್ತವೆ.

ಇಲ್ಲಿ ಎರಡು ಸಂಗತಿಗಳು ಗಮನಾರ್ಹ. ಮೊದಲನೆಯದು, ಆಘಾತದ ಅಗತ್ಯವಿಲ್ಲದವರಿಗೆ ಯಂತ್ರವು ಆಘಾತ ನೀಡಲು ಒಪ್ಪುವುದಿಲ್ಲ. ಆದುದರಿಂದ ತಿಳಿಯದವರ ಕೈಯಲ್ಲಿ ಅಪಾಯವಾದೀತೆಂಬ ಭಯಕ್ಕೆ ಆಧಾರವಿಲ್ಲ. ಎರಡನೆಯದು, ಚಲನಚಿತ್ರಗಳಲ್ಲಿ ತೋರಿಸುವಂತೆ ಪೂರ್ತಿ ನಿಶ್ಚಲವಾದ, ವಿದ್ಯುತ್ ಚಟುವಟಿಕೆಯೇ ಇಲ್ಲದ ಹೃದಯವನ್ನು ಆಘಾತವು ಎಬ್ಬಿಸುವುದಿಲ್ಲ. ಅಂತಹ ಸ್ಥಿತಿಯಲ್ಲಿ ಎದೆಯೊತ್ತುವಿಕೆಯನ್ನು ಮುಂದುವರಿಸುವುದೇ ದಾರಿ. ಅದುರುತ್ತಿರುವ ಹೃದಯವು ಸಮಯ ಕಳೆದಂತೆ ನಿಶ್ಚಲವಾಗುತ್ತ ಹೋಗುವುದರಿಂದಲೇ ಯಂತ್ರವು ಬೇಗ ಬರಬೇಕು.

ಈ ಮಾತಿಗೆ ಒಳ್ಳೆಯ ನಿದರ್ಶನ ಅಮೆರಿಕದ ಜೂಜುಗೃಹಗಳಿಂದ ಬಂದಿದೆ. ಅಲ್ಲಿನ ಭದ್ರತಾ ಕಾವಲುಗಾರರಿಗೆ ಎಇಡಿ ಬಳಕೆ ಕಲಿಸಿ ನಡೆಸಿದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕುಸಿದ ಮೂರು ನಿಮಿಷದೊಳಗೆ ಆಘಾತ ಪಡೆದವರಲ್ಲಿ ಶೇಕಡಾ 74 ಮಂದಿ ಬದುಕುಳಿದರು; ಮೂರು ನಿಮಿಷದ ಅನಂತರ ಪಡೆದವರಲ್ಲಿ ಶೇಕಡಾ 49 ಮಂದಿ. ಷಿಕಾಗೋದ ಓ'ಹೇರ್ ಮುಂತಾದ ವಿಮಾನ ನಿಲ್ದಾಣಗಳಲ್ಲಿ ಎಇಡಿಗಳನ್ನು ಇರಿಸಿದ ಬಗೆಗಿನ 2002ರ ವರದಿಯಂತೆ, ಎರಡು ವರ್ಷಗಳಲ್ಲಿ ಹೃತ್ಕುಕ್ಷಿ ಅದುರುವಿಕೆಗೆ ತುತ್ತಾದ 18 ಮಂದಿಯಲ್ಲಿ 11 ಮಂದಿಯನ್ನು ಉಳಿಸಿಕೊಳ್ಳಲಾಯಿತು. ಅವರನ್ನು ಉಳಿಸಿದವರಲ್ಲಿ ಆರು ಮಂದಿಗೆ ಆ ಯಂತ್ರವನ್ನು ಬಳಸಿದ ತರಬೇತಿಯಾಗಲಿ ಅನುಭವವಾಗಲಿ ಇರಲಿಲ್ಲ.

ಮಕ್ಕಳಿಗೆ ಇದು ಸಾಧ್ಯವೇ?

ಈ ಪ್ರಶ್ನೆಗೆ ಸಿಯಾಟಲ್‌ನ ಸಂಶೋಧಕರು 1999ರಲ್ಲಿ ನೇರವಾದ ಉತ್ತರ ಕೊಟ್ಟರು. ಎಇಡಿಯನ್ನು ಹಿಂದೆಂದೂ ಬಳಸದ, ಆರನೆಯ ತರಗತಿಯ 15 ಮಕ್ಕಳಿಗೆ ಯಂತ್ರವನ್ನು ಕೊಟ್ಟು, ಬೊಂಬೆಗೆ ಆಘಾತ ನೀಡುವಂತೆ ಹೇಳಲಾಯಿತು. ಯಂತ್ರದ ಮಾತನ್ನು ಅನುಸರಿಸಿದ ಮಕ್ಕಳಿಗೆ ಸರಾಸರಿ 90 ಸೆಕೆಂಡು ಹಿಡಿಯಿತು. ಅದೇ ಕೆಲಸಕ್ಕೆ ವೃತ್ತಿನಿರತ ಆಂಬುಲೆನ್ಸ್ ಸಿಬ್ಬಂದಿಗೆ ಹಿಡಿದದ್ದು 67 ಸೆಕೆಂಡು. ಪಟ್ಟಿಗಳನ್ನು ಎಲ್ಲ ಮಕ್ಕಳೂ ಸರಿಯಾದ ಸ್ಥಳದಲ್ಲಿಯೇ ಅಂಟಿಸಿದ್ದರು. ವರ್ಷಗಟ್ಟಲೆ ಅಭ್ಯಾಸವಿದ್ದವರಿಗೂ ಏನೂ ತಿಳಿಯದ ಮಕ್ಕಳಿಗೂ ನಡುವೆ ಇದ್ದ ಅಂತರ ಕೇವಲ 23 ಸೆಕೆಂಡು.

ಎದೆಯೊತ್ತುವಿಕೆಯ ವಿಷಯ ಸ್ವಲ್ಪ ಬೇರೆ. ಅದಕ್ಕೆ ದೇಹಬಲ ಬೇಕು. ಬ್ರಿಟನ್ನಿನ ಕಾರ್ಡಿಫ್‌ನಲ್ಲಿ ನಡೆದು 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 9ರಿಂದ 14 ವರ್ಷದ 157 ಮಕ್ಕಳನ್ನು ಪರೀಕ್ಷಿಸಲಾಯಿತು. ವಯಸ್ಕರ ಎದೆಯನ್ನು ಸಾಕಷ್ಟು ಆಳಕ್ಕೆ ಒತ್ತಲು 9–10 ವರ್ಷದ ಯಾರಿಂದಲೂ ಆಗಲಿಲ್ಲ. 11–12 ವರ್ಷದವರಲ್ಲಿ ಶೇಕಡಾ 19, 13–14 ವರ್ಷದವರಲ್ಲಿ ಶೇಕಡಾ 45 ಮಂದಿ ಯಶಸ್ವಿಯಾದರು. ಆದರೆ ಕೈ ಇಡುವ ಜಾಗವನ್ನೂ ಒತ್ತುವ ವೇಗವನ್ನೂ ಚಿಕ್ಕವರೂ ಕಲಿತುಕೊಂಡರು. ಕ್ರಮವನ್ನು ಮೊದಲು ಕಲಿತರೆ ಬಲವು ವಯಸ್ಸಿನೊಡನೆ ತಾನಾಗಿ ಬರುತ್ತದೆ ಎಂಬುದೇ ಇದರಿಂದ ತಿಳಿಯುವ ಪಾಠ.

ಶಾಲೆಗಳಲ್ಲಿ ಕಲಿಸಿದ ದೇಶಗಳು

ನಾರ್ವೆ ದೇಶವು 1961ರಲ್ಲಿಯೇ ಶಾಲೆಗಳಲ್ಲಿ ಈ ಶಿಕ್ಷಣಕ್ಕೆ ಚಾಲನೆ ನೀಡಿತು. ಆದರೆ ಫಲವನ್ನು ಅಂಕಿಗಳಲ್ಲಿ ಸ್ಪಷ್ಟವಾಗಿ ತೋರಿಸಿಕೊಟ್ಟ ದೇಶ ಡೆನ್ಮಾರ್ಕ್. ಅಲ್ಲಿ 2005ರಲ್ಲಿ ಶಾಲಾ ಮಕ್ಕಳಿಗೂ, 2006ರಲ್ಲಿ ವಾಹನ ಚಾಲನೆಯ ಪರವಾನಗಿ ಪಡೆಯುವವರಿಗೂ ಸಿಪಿಆರ್ ತರಬೇತಿಯನ್ನು ಕಡ್ಡಾಯಗೊಳಿಸಲಾಯಿತು. ಜೊತೆಗೆ ಸಾರ್ವಜನಿಕ ಸ್ಥಳಗಳಲ್ಲಿ ಎಇಡಿಗಳನ್ನು ಇರಿಸಲಾಯಿತು. ಆಂಬುಲೆನ್ಸ್ ಸೇವೆಯೂ ಸುಧಾರಿಸಿತು. ಆಂಬುಲೆನ್ಸ್ ಬರುವ ಮುನ್ನ ಪಕ್ಕದಲ್ಲಿದ್ದವರಿಂದ ಸಿಪಿಆರ್ ಪಡೆದವರ ಪ್ರಮಾಣ 2001ರಲ್ಲಿ ಶೇಕಡಾ 21 ಇದ್ದದ್ದು 2010ರ ಹೊತ್ತಿಗೆ ಸುಮಾರು ಶೇಕಡಾ 45ಕ್ಕೆ ಏರಿತು. ಮೂವತ್ತು ದಿನಗಳ ಬಳಿಕವೂ ಬದುಕಿದ್ದವರ ಪ್ರಮಾಣ ಶೇಕಡಾ 3.5ರಿಂದ 10.8ಕ್ಕೆ ಹೆಚ್ಚಿತು. 2021ರ ಜೂನ್ 12ರಂದು ಕೋಪನ್‌ಹೇಗನ್ನಿನಲ್ಲಿ ಯೂರೋ ಪಂದ್ಯಾವಳಿಯ ಆಟದ ನಡುವೆಯೇ ಕುಸಿದ ಡೆನ್ಮಾರ್ಕಿನ ಫುಟ್‌ಬಾಲ್ ಆಟಗಾರ ಕ್ರಿಶ್ಚಿಯನ್ ಎರಿಕ್ಸನ್ ಅವರಿಗೆ ಮೈದಾನದಲ್ಲಿಯೇ ಸಿಪಿಆರ್ ಮತ್ತು ವಿದ್ಯುತ್ ಆಘಾತ ನೀಡಿ ಉಳಿಸಿದ್ದನ್ನು ಲಕ್ಷಾಂತರ ಮಂದಿ ದೂರದರ್ಶನದಲ್ಲಿ ಕಂಡರು. ಮರುವರ್ಷ ಅವರು ಮತ್ತೆ ಆಟಕ್ಕಿಳಿದರು.

ಜಪಾನಿನ ಅನುಭವ ಇನ್ನೊಂದು ಬಗೆಯದು. ಅಲ್ಲಿ 2004ರ ಜುಲೈಯಿಂದ ಸಾಮಾನ್ಯ ನಾಗರಿಕರಿಗೂ ಎಇಡಿ ಬಳಸಲು ಅನುಮತಿ ದೊರೆಯಿತು. ಶಾಲೆಗಳಲ್ಲಿಯೂ ಯಂತ್ರಗಳು ಬಂದವು. ಆದರೂ 2011ರಲ್ಲಿ ಸೈತಾಮಾ ನಗರದಲ್ಲಿ ಓಟದ ಅಭ್ಯಾಸ ಮುಗಿಸಿ ಕುಸಿದುಬಿದ್ದ ಆರನೆಯ ತರಗತಿಯ ಬಾಲಕಿಯೊಬ್ಬಳು ತೀರಿಕೊಂಡಳು. ಶಾಲೆಯಲ್ಲಿ ಎಇಡಿ ಇತ್ತು. ಆಕೆ ಇನ್ನೂ ಉಸಿರಾಡುತ್ತಿದ್ದಾಳೆಂದು ಭಾವಿಸಿದ್ದರಿಂದ ಅದನ್ನು ಬಳಸಲಿಲ್ಲ. ಹೃದಯ ನಿಂತ ಬಳಿಕವೂ ಸ್ವಲ್ಪ ಹೊತ್ತು ಕಾಣುವ, ನಮ್ಮ ಹಿರಿಯರು 'ಮೇಲುಸಿರು' ಎನ್ನುವ, ಬಿಟ್ಟು ಬಿಟ್ಟು ಬರುವ ಗೊರಕೆಯಂತಹ ಉಸಿರು ಉಸಿರಾಟವಲ್ಲ. ಮರುವರ್ಷ ಆ ನಗರದ ಶಿಕ್ಷಣ ಮಂಡಳಿಯು ಆಕೆಯ ಪೋಷಕರೊಡನೆ ಕೂಡಿ, ಆಕೆಯ ಹೆಸರಿನಲ್ಲಿಯೇ ಶಾಲೆಗಳಿಗೆ ಒಂದು ಮಾರ್ಗದರ್ಶಿಯನ್ನು ಹೊರತಂದಿತು. ಉಸಿರಾಟದ ಬಗೆಗೆ ಸಂಶಯ ಬಂದರೆ ಹೃದಯ ನಿಂತಿದೆಯೆಂದೇ ತಿಳಿದು ಎದೆಯೊತ್ತಬೇಕು, ಎಇಡಿ ತರಬೇಕು ಎಂಬುದು ಅದರ ಮುಖ್ಯ ಸೂತ್ರ. ಯಂತ್ರವನ್ನು ಕೊಂಡರಷ್ಟೇ ಸಾಲದು, ಅದನ್ನು ಯಾವಾಗ ತೆರೆಯಬೇಕೆಂಬ ತಿಳಿವೂ ಬೇಕು ಎಂಬುದನ್ನು ಆ ಸಾವು ಕಲಿಸಿತು.

12 ವರ್ಷದಿಂದ ಮೇಲ್ಪಟ್ಟ ಎಲ್ಲ ಶಾಲಾ ಮಕ್ಕಳಿಗೂ ವರ್ಷಕ್ಕೆ ಎರಡು ಗಂಟೆಗಳ ಸಿಪಿಆರ್ ಶಿಕ್ಷಣ ನೀಡಬೇಕೆಂಬ 'ಕಿಡ್ಸ್ ಸೇವ್ ಲೈವ್ಸ್' ಎಂಬ ಹೇಳಿಕೆಗೆ ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಅನುಮೋದನೆ ನೀಡಿತು. ಇಂಗ್ಲೆಂಡಿನ ಶಾಲಾ ಪಠ್ಯಕ್ರಮದಲ್ಲಿ 2020ರಿಂದ ಇದು ಸೇರಿದೆ. ಪ್ರತಿವರ್ಷ ಅಕ್ಟೋಬರ್ 16ನ್ನು 'ವಿಶ್ವ ಹೃದಯ ಪುನಶ್ಚೇತನ ದಿನ'ವಾಗಿ ಆಚರಿಸಲಾಗುತ್ತಿದೆ.

ಭಾರತದಲ್ಲಿ

ನಮ್ಮ ದೇಶದಲ್ಲಿ ಅರಿವಳಿಕೆ ತಜ್ಞರ ಸಂಘಟನೆಯ ಆಶ್ರಯದಲ್ಲಿ ರೂಪುಗೊಂಡ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ 2017ರಲ್ಲಿ ಭಾರತದ ಪರಿಸ್ಥಿತಿಗೆ ತಕ್ಕ ಮಾರ್ಗಸೂಚಿಗಳನ್ನು ಪ್ರಕಟಿಸಿತು. ಅದರಲ್ಲಿ ಜನಸಾಮಾನ್ಯರಿಗೆಂದು ಸೂಚಿಸಿದ ಕ್ರಮದ ಹೆಸರು 'ಕೋಲ್ಸ್'. ಬಾಯಿಗೆ ಬಾಯಿಟ್ಟು ಉಸಿರು ನೀಡಲು ಹಿಂಜರಿಯುವವರೂ ಮಾಡಬಹುದಾದ, ಕೇವಲ ಎದೆಯೊತ್ತುವ ವಿಧಾನವಿದು. ಹೃದಯ ಸ್ತಂಭನವನ್ನು ಗುರುತಿಸಿ ಸಹಾಯಕ್ಕೆ ಕರೆಯುವುದು, ಎದೆಯೊತ್ತುವುದು, ಬೇಗ ಆಸ್ಪತ್ರೆಗೆ ಸಾಗಿಸುವುದು ಇವೇ ಅದರ ಹಂತಗಳು. 2023ರ ಡಿಸೆಂಬರ್ 6ರಂದು ರಾಷ್ಟ್ರೀಯ ವೈದ್ಯಕೀಯ ಪರೀಕ್ಷಾ ಮಂಡಳಿಯು ದೇಶದಾದ್ಯಂತ ಸಿಪಿಆರ್ ಜಾಗೃತಿ ಕಾರ್ಯಕ್ರಮವನ್ನು ನಡೆಸಿತು. ಕೇಂದ್ರ ಆರೋಗ್ಯ ಸಚಿವಾಲಯವು 2025ರ ಅಕ್ಟೋಬರ್ 13ರಿಂದ 17ರವರೆಗೆ ಸಿಪಿಆರ್ ಜಾಗೃತಿ ಸಪ್ತಾಹವನ್ನು ಆಚರಿಸಿತು.

ಕನ್ನಡಿಗರ ಮನಸ್ಸಿನಲ್ಲಿ ಈ ವಿಷಯ ಆಳವಾಗಿ ನಾಟಿದ್ದು 2021ರ ಅಕ್ಟೋಬರ್ 29ರಂದು, ನಟ ಪುನೀತ್ ರಾಜಕುಮಾರ್ ಅವರು 46ನೆಯ ವಯಸ್ಸಿನಲ್ಲಿ ಹಠಾತ್ತನೆ ಅಗಲಿದಾಗ. ಕರ್ನಾಟಕ ಸರ್ಕಾರವು 2023ರಲ್ಲಿ ಘೋಷಿಸಿದ, ಅವರ ಹೆಸರನ್ನು ಹೊತ್ತ 'ಹೃದಯ ಜ್ಯೋತಿ' ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಗಳಲ್ಲಿ ಹೃದಯಾಘಾತಕ್ಕೆ ತುರ್ತು ಇಂಜೆಕ್ಷನ್ ದೊರೆಯುವ ವ್ಯವಸ್ಥೆಯೂ, ಜನ ಸೇರುವ ಸ್ಥಳಗಳಲ್ಲಿ ಎಇಡಿ ಇರಿಸುವ ಉದ್ದೇಶವೂ ಸೇರಿವೆ. ಮುಂಬಯಿ, ದೆಹಲಿ ಮುಂತಾದೆಡೆ ದೊಡ್ಡ ವಿಮಾನ ನಿಲ್ದಾಣಗಳಲ್ಲಿ ಎಇಡಿಗಳಿವೆ. ವಿಮಾನ ನಿಲ್ದಾಣ, ಮೆಟ್ರೋ ನಿಲ್ದಾಣಗಳನ್ನು ಕಾಯುವ ಕೇಂದ್ರೀಯ ಕೈಗಾರಿಕಾ ಭದ್ರತಾ ಪಡೆಯ ಸಿಬ್ಬಂದಿ ಸಿಪಿಆರ್ ನೀಡಿ ಪ್ರಯಾಣಿಕರ ಪ್ರಾಣ ಉಳಿಸಿದ ಸುದ್ದಿಗಳು ಆಗಾಗ ಪತ್ರಿಕೆಗಳಲ್ಲಿ ಬರುತ್ತಿವೆ. ಅವರಾರೂ ವೈದ್ಯರಲ್ಲ, ತರಬೇತಿ ಪಡೆದ ಸಾಮಾನ್ಯರು ಎಂಬುದನ್ನು ನೆನಪಿಡಬೇಕು.

ಕಲಿಯಬೇಕಾದ ಕ್ರಮ

ಯುರೋಪಿನ ಶಾಲೆಗಳಲ್ಲಿ ಮಕ್ಕಳಿಗೆ ಮೂರೇ ಮಾತುಗಳಲ್ಲಿ ಇದನ್ನು ಹೇಳಿಕೊಡುತ್ತಾರೆ: ನೋಡು, ಕರೆ, ಒತ್ತು. ಅದನ್ನೇ ವಿಸ್ತರಿಸಿ ಹೇಳುವುದಾದರೆ:

1. ಸ್ಥಳ ಸುರಕ್ಷಿತವೇ ನೋಡಬೇಕು. ವಿದ್ಯುತ್ ತಂತಿ, ವಾಹನ, ಅಡುಗೆ ಅನಿಲದ ಅಪಾಯವಿದ್ದರೆ ಮೊದಲು ಅದನ್ನು ನಿವಾರಿಸಬೇಕು.

2. ಭುಜ ತಟ್ಟಿ, ಗಟ್ಟಿಯಾಗಿ ಕರೆಯಬೇಕು. ಉತ್ತರ ಬರದಿದ್ದರೆ ಹತ್ತು ಸೆಕೆಂಡಿನೊಳಗೆ ಉಸಿರಾಟವನ್ನು ಗಮನಿಸಬೇಕು. ಉಸಿರು ಇಲ್ಲದಿದ್ದರೆ ಅಥವಾ ಕೇವಲ ಮೇಲುಸಿರು ಇದ್ದರೆ ಹೃದಯ ಸ್ತಂಭನವೆಂದೇ ತಿಳಿಯಬೇಕು. ನಾಡಿ ಹುಡುಕುತ್ತ ಕುಳಿತುಕೊಳ್ಳುವುದು ಜನಸಾಮಾನ್ಯರ ಕೆಲಸವಲ್ಲ.

3. 112 ಅಥವಾ 108ಕ್ಕೆ, ದೆಹಲಿಯಲ್ಲಾದರೆ 102ಕ್ಕೂ, ಕರೆಮಾಡಿ ಫೋನನ್ನು ಸ್ಪೀಕರಿನಲ್ಲಿ ಇಡಬೇಕು. ಇನ್ನೊಬ್ಬರಿದ್ದರೆ ಎಇಡಿ ತರಲು ಕಳಿಸಬೇಕು, ಮತ್ತೊಬ್ಬರು ಕೆಳಗಿಳಿದು ಗೇಟು ಮತ್ತು ಲಿಫ್ಟನ್ನು ತೆರೆದಿಡಿಸಬೇಕು. 'ಯಾರಾದರೂ ಹೋಗಿ' ಎನ್ನುವ ಬದಲು ಒಬ್ಬೊಬ್ಬರನ್ನೇ ಕೈತೋರಿಸಿ ಹೇಳುವುದು ಲೇಸು.

4. ವ್ಯಕ್ತಿಯನ್ನು ಗಟ್ಟಿ ನೆಲದ ಮೇಲೆ ಅಂಗಾತ ಮಲಗಿಸಬೇಕು. ಮೆತ್ತನೆಯ ಹಾಸಿಗೆಯ ಮೇಲೆ ಒತ್ತಿದರೆ ಹಾಸಿಗೆ ತಗ್ಗುತ್ತದೆ, ಎದೆ ತಗ್ಗುವುದಿಲ್ಲ. ಎದೆಯ ನಡುವೆ, ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡವನ್ನು ಊರಿ, ಅದರ ಮೇಲೆ ಇನ್ನೊಂದು ಕೈಯನ್ನಿಟ್ಟು ಬೆರಳುಗಳನ್ನು ಹೆಣೆಯಬೇಕು. ಮೊಣಕೈ ಮಡಚದೆ, ಮೈಭಾರವನ್ನು ಬಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ ಒತ್ತಿನ ಬಳಿಕ ಎದೆಯನ್ನು ಪೂರ್ತಿ ಮೇಲೇಳಲು ಬಿಡಬೇಕು. ಇದು ಬಹಳ ಆಯಾಸದ ಕೆಲಸ. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಯಿಸಬೇಕು.

5. ಎಇಡಿ ಬಂದೊಡನೆ ಅದನ್ನು ಚಾಲೂ ಮಾಡಿ ಅದು ಹೇಳಿದಂತೆ ನಡೆಯಬೇಕು. ಎದೆ ಒದ್ದೆಯಾಗಿದ್ದರೆ ಒರೆಸಬೇಕು. ಒಂದು ಪಟ್ಟಿಯನ್ನು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದನ್ನು ಎಡ ಕಂಕುಳ ಕೆಳಗೆ ಪಕ್ಕೆಗೆ ಅಂಟಿಸಬೇಕು. ಚರ್ಮದಡಿಯಲ್ಲಿ ಪೇಸ್‌ಮೇಕರಿನ ಉಬ್ಬು ಕಂಡರೆ ಪಟ್ಟಿಯನ್ನು ಅದರಿಂದ ತುಸು ದೂರ ಅಂಟಿಸಬೇಕು. ಆಘಾತ ನೀಡಿದ ಮರುಕ್ಷಣವೇ ಎದೆಯೊತ್ತುವಿಕೆಯನ್ನು ಮತ್ತೆ ಆರಂಭಿಸಬೇಕು. ಯಂತ್ರವು ಎರಡು ನಿಮಿಷಕ್ಕೊಮ್ಮೆ ಪುನಃ ಪರೀಕ್ಷಿಸುತ್ತದೆ.

6. ವ್ಯಕ್ತಿ ಸರಿಯಾಗಿ ಉಸಿರಾಡತೊಡಗುವವರೆಗೆ ಅಥವಾ ವೈದ್ಯಕೀಯ ಸಿಬ್ಬಂದಿ ವಹಿಸಿಕೊಳ್ಳುವವರೆಗೆ ನಿಲ್ಲಿಸಬಾರದು.

ಕುಸಿದವರು ಮಗುವಾಗಿದ್ದರೆ ಅಥವಾ ನೀರಿನಲ್ಲಿ ಮುಳುಗಿದವರಾಗಿದ್ದರೆ ಉಸಿರಿನ ಕೊರತೆಯೇ ಮೂಲ ಕಾರಣವಾಗಿರುವುದರಿಂದ ಕೃತಕ ಉಸಿರೂ ಅಗತ್ಯ. ತರಬೇತಿ ಇದ್ದವರು 30 ಸಲ ಒತ್ತಿ ಎರಡು ಸಲ ಉಸಿರು ನೀಡಬೇಕು. ಮಕ್ಕಳಲ್ಲಿ ಎದೆಯ ದಪ್ಪದ ಮೂರನೆಯ ಒಂದು ಭಾಗದಷ್ಟು ಆಳ ಸಾಕು. ಚಿಕ್ಕವರಿಗೆ ಒಂದೇ ಕೈ ಸಾಲುತ್ತದೆ. ಎಂಟು ವರ್ಷಕ್ಕಿಂತ ಚಿಕ್ಕವರಿಗಾಗಿ ಬೇರೆ ಅಂಟುಪಟ್ಟಿಗಳಿವೆ. ಅವು ಇಲ್ಲದಿದ್ದಲ್ಲಿ ದೊಡ್ಡವರ ಪಟ್ಟಿಗಳನ್ನೇ ಒಂದು ಎದೆಗೆ, ಒಂದು ಬೆನ್ನಿಗೆ ಅಂಟಿಸಬಹುದು.

ಯಾವ ವಯಸ್ಸಿಗೆ ಎಷ್ಟು?

ಐದಾರು ವರ್ಷದ ಮಗು ಮನೆಯ ವಿಳಾಸವನ್ನು ಸ್ಪಷ್ಟವಾಗಿ ಹೇಳಲು, 112ಕ್ಕೆ ಕರೆಮಾಡಲು, 'ಅಜ್ಜ ಮಾತಾಡುತ್ತಿಲ್ಲ' ಎಂದು ನೆರೆಯವರನ್ನು ಕರೆತರಲು ಕಲಿತರೆ ಅದೇ ದೊಡ್ಡ ಸಹಾಯ. ಊರಿನ ಭಾಷೆಯಲ್ಲಿ, ಅಂದರೆ ಮುಂಬಯಿಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ, ಚೆನ್ನೈಯಲ್ಲಿ ತಮಿಳಿನಲ್ಲಿ ವಿಳಾಸ ಹೇಳುವ ಅಭ್ಯಾಸವೂ ಇರಬೇಕು. ಊರಿನಿಂದ ಬಂದಿರುವ ಅಜ್ಜ ಅಜ್ಜಿಯರಿಗೆ ಆ ಭಾಷೆ ಬಾರದಿದ್ದಾಗ ಮೊಮ್ಮಕ್ಕಳ ಈ ತಿಳಿವಳಿಕೆ ಅವರ ಪ್ರಾಣವನ್ನೇ ಕಾಯಬಲ್ಲುದು. ಒಂಬತ್ತು ಹತ್ತರ ಮಕ್ಕಳು ಮೇಲುಸಿರನ್ನು ಗುರುತಿಸುವುದನ್ನೂ, ಕೈ ಇಡುವ ಜಾಗವನ್ನೂ, ಎಇಡಿ ತೆರೆದು ಅದರ ಮಾತಿನಂತೆ ನಡೆಯುವುದನ್ನೂ ಕಲಿಯಬಹುದು. ಹನ್ನೆರಡರ ಮೇಲ್ಪಟ್ಟವರಿಗೆ ಪೂರ್ಣ ಕ್ರಮವನ್ನೇ ಕಲಿಸಬೇಕು.

ಬೊಂಬೆ ಇಲ್ಲವೆಂದು ಕಲಿಕೆಯನ್ನು ಮುಂದೂಡಬೇಕಾಗಿಲ್ಲ. ಗಟ್ಟಿಯಾಗಿ ಮಡಚಿದ ದಿಂಬಾಗಲಿ, ಮುಚ್ಚಳ ಬಿಗಿದ ಖಾಲಿ ಪ್ಲಾಸ್ಟಿಕ್ ಬಾಟಲಿಯಾಗಲಿ ಲಯವನ್ನು ರೂಢಿಸಿಕೊಳ್ಳಲು ಸಾಕು. ಗಟ್ಟಿಯಾಗಿ ಎಣಿಸುತ್ತ ಒತ್ತುವುದು ಒಳ್ಳೆಯ ಕ್ರಮ. ಕಲಿತ ಭಾಷೆ ಕನ್ನಡವಾದರೆ ಗಾಬರಿಯ ಹೊತ್ತಿನಲ್ಲಿ ನಾಲಗೆಗೆ ಬರುವ ಎಣಿಕೆಯೂ ಕನ್ನಡದ್ದೇ ಆಗಿರುತ್ತದೆ. ಸರಿಯಾದ ಆಳವನ್ನು ಅರಿಯಲು ಮಾತ್ರ ಒಮ್ಮೆಯಾದರೂ ನಿಜವಾದ ಬೊಂಬೆಯ ಮೇಲೆ, ತರಬೇತಾದವರ ಎದುರಿನಲ್ಲಿ ಅಭ್ಯಾಸ ಮಾಡಬೇಕು. ಕಲಿತದ್ದು ಕೆಲವೇ ತಿಂಗಳುಗಳಲ್ಲಿ ಮಾಸುತ್ತದೆ. ಆದುದರಿಂದ ವರ್ಷಕ್ಕೊಮ್ಮೆಯಾದರೂ ಮರು ಅಭ್ಯಾಸ ಅವಶ್ಯಕ.

ಹಿಂಜರಿಕೆಗಳು ಮತ್ತು ಸಮಾಧಾನ

'ಪಕ್ಕೆಲುಬು ಮುರಿದರೆ?' ವಯಸ್ಸಾದವರಲ್ಲಿ ಮುರಿಯುವುದುಂಟು. ಮುರಿದ ಎಲುಬು ಕೂಡಿಕೊಳ್ಳುತ್ತದೆ. ನಿಂತ ಹೃದಯ ತಾನಾಗಿ ಹೊರಡುವುದಿಲ್ಲ. ಹೃದಯ ನಿಲ್ಲದೆ ಬರಿ ಮೂರ್ಛೆ ಹೋದವರ ಎದೆಯನ್ನು ಒತ್ತಿದರೂ ಗಂಭೀರ ಹಾನಿಯಾಗುವುದು ವಿರಳ.

'ಪೊಲೀಸರ ಕಾಟ ಬಂದರೆ?' ಒಳ್ಳೆಯ ಉದ್ದೇಶದಿಂದ, ಒಪ್ಪಿಗೆ ನೀಡಲಾಗದ ಸ್ಥಿತಿಯಲ್ಲಿರುವವರ ಹಿತಕ್ಕಾಗಿ ಮಾಡಿದ ಕೆಲಸಕ್ಕೆ ಭಾರತೀಯ ನ್ಯಾಯ ಸಂಹಿತೆಯ 30ನೆಯ ಕಲಮು ರಕ್ಷಣೆ ನೀಡುತ್ತದೆ. ಹಿಂದಿನ ದಂಡ ಸಂಹಿತೆಯ 92ನೆಯ ಕಲಮಿನಲ್ಲಿಯೂ ಈ ರಕ್ಷಣೆ ಇತ್ತು. ರಸ್ತೆ ಅಪಘಾತದಲ್ಲಿ ನೆರವಾಗುವವರ ಪರವಾಗಿ ಸರ್ವೋಚ್ಚ ನ್ಯಾಯಾಲಯವು 2016ರಲ್ಲಿ ಮಾರ್ಗಸೂಚಿಗಳನ್ನು ದೃಢಪಡಿಸಿದೆ. 2019ರ ಮೋಟಾರು ವಾಹನ ತಿದ್ದುಪಡಿ ಕಾಯಿದೆ ಅದಕ್ಕೆ ಇನ್ನಷ್ಟು ಬಲ ನೀಡಿದೆ.

'ಕುಸಿದವರು ಹೆಂಗಸಾದರೆ?' ಈ ಸಂಕೋಚ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದ ಅಧ್ಯಯನವೊಂದರಲ್ಲಿ, ಸಾರ್ವಜನಿಕ ಸ್ಥಳದಲ್ಲಿ ಕುಸಿದ ಗಂಡಸರಲ್ಲಿ ಶೇಕಡಾ 45 ಮಂದಿಗೆ ಪಕ್ಕದವರಿಂದ ಸಿಪಿಆರ್ ದೊರೆತಿದ್ದರೆ, ಹೆಂಗಸರಲ್ಲಿ ಶೇಕಡಾ 39 ಮಂದಿಗಷ್ಟೇ ದೊರೆತಿತ್ತು. ಪ್ರಾಣಕ್ಕಿಂತ ಸಂಕೋಚ ದೊಡ್ಡದಲ್ಲ. ಸುತ್ತ ನಿಂತವರು ಸೀರೆ, ದುಪಟ್ಟ ಹಿಡಿದು ಮರೆಮಾಡಬಹುದು. ಆದರೆ ಎದೆಯೊತ್ತುವುದನ್ನೂ ಪಟ್ಟಿ ಅಂಟಿಸುವುದನ್ನೂ ತಡಮಾಡಬಾರದು. ಮನೆಯ ಹೆಣ್ಣುಮಕ್ಕಳೆಲ್ಲರೂ ಈ ವಿದ್ಯೆಯನ್ನು ಕಲಿಯಬೇಕೆನ್ನುವುದಕ್ಕೆ ಇದೂ ಒಂದು ಕಾರಣ.

ಸಂಘಗಳೂ ವಸತಿ ಸಂಕೀರ್ಣಗಳೂ ಮಾಡಬಹುದಾದದ್ದು

ಹೊರನಾಡಿನ ಕನ್ನಡ ಸಂಘಗಳಲ್ಲಿ ರಾಜ್ಯೋತ್ಸವ, ಯುಗಾದಿ, ಗಣೇಶೋತ್ಸವದ ಸಭೆಗಳಿಗೆ ಹಿರಿಯರೇ ಹೆಚ್ಚಾಗಿ ಬರುತ್ತಾರೆ. ರಕ್ತದಾನ, ನೇತ್ರ ತಪಾಸಣೆ ಶಿಬಿರಗಳ ಸಂಪ್ರದಾಯವೂ ನಮ್ಮಲ್ಲಿದೆ. ಅದೇ ಸಾಲಿನಲ್ಲಿ ವರ್ಷಕ್ಕೊಂದು ಭಾನುವಾರ ಎರಡು ಗಂಟೆಗಳ ಸಿಪಿಆರ್ ಶಿಬಿರವನ್ನು ಏರ್ಪಡಿಸುವುದು ಕಷ್ಟವಲ್ಲ. ಸದಸ್ಯರಲ್ಲಿಯೇ ವೈದ್ಯರು, ದಾದಿಯರು ಇರುತ್ತಾರೆ. ಮಕ್ಕಳೂ ಹಿರಿಯರೂ ಒಟ್ಟಿಗೆ ಕುಳಿತು ಕಲಿತರೆ ಇನ್ನೂ ಒಳ್ಳೆಯದು.

ಎಇಡಿಯ ಬೆಲೆ ನಮ್ಮಲ್ಲಿ ಒಂದು ಲಕ್ಷ ರೂಪಾಯಿಗಳ ಆಸುಪಾಸಿನಲ್ಲಿದೆ. ನೂರು ಮನೆಗಳ ಸೊಸೈಟಿಯಲ್ಲಿ ಹಂಚಿಕೊಂಡರೆ ಮನೆಯೊಂದಕ್ಕೆ ಸಾವಿರ ರೂಪಾಯಿಯಷ್ಟು. ಕೊಂಡ ಬಳಿಕ ಅದನ್ನು ಕಚೇರಿಯ ಬೀರುವಿನಲ್ಲಿಟ್ಟು ಬೀಗ ಹಾಕಬಾರದು. ಹಗಲಿರುಳೂ ಕೈಗೆ ಸಿಗುವಂತೆ ಕಾವಲುಗಾರರ ಕೊಠಡಿಯ ಬಳಿಯೋ ಲಿಫ್ಟಿನ ಬಳಿಯೋ ಇಡಬೇಕು. ಬ್ಯಾಟರಿಗೂ ಅಂಟುಪಟ್ಟಿಗಳಿಗೂ ಅವಧಿ ಮುಗಿಯುವ ದಿನಾಂಕವಿರುತ್ತದೆ; ತಿಂಗಳಿಗೊಮ್ಮೆ ನೋಡುವ ಹೊಣೆಯನ್ನು ಒಬ್ಬರಿಗೆ ವಹಿಸಬೇಕು. ಮೊತ್ತಮೊದಲು ತರಬೇತಿ ಪಡೆಯಬೇಕಾದವರು ಕಾವಲುಗಾರರು ಮತ್ತು ಲಿಫ್ಟ್ ನಿರ್ವಾಹಕರು. ಇಡೀ ಕಟ್ಟಡದಲ್ಲಿ ಇಪ್ಪತ್ತನಾಲ್ಕು ಗಂಟೆಯೂ ಎಚ್ಚರವಿರುವವರು ಅವರೇ.

ಸರಿಯಾದ ಕ್ರಮ ನಡೆದರೂ ಎಲ್ಲರೂ ಬದುಕುತ್ತಾರೆಂದು ಹೇಳಲಾಗದು. ಡೆನ್ಮಾರ್ಕಿನ ಸುಧಾರಿತ ಅಂಕಿಯೂ ಹತ್ತರಲ್ಲಿ ಒಬ್ಬರೆಂಬುದನ್ನು ಮರೆಯಬಾರದು. ಕೈಲಾದದ್ದನ್ನು ಮಾಡಿದ ಮಗುವಿಗಾಗಲಿ ಮನೆಯವರಿಗಾಗಲಿ ಅಪರಾಧಿ ಭಾವ ಉಳಿಯದಂತೆ ಈ ಮಾತನ್ನು ಕಲಿಸುವಾಗಲೇ ತಿಳಿಸಬೇಕು. ಆದರೆ ಯಾರೂ ಮುಂದಾಗದಿದ್ದಲ್ಲಿ ಉಳಿಯುವ ಸಾಧ್ಯತೆ ಬಹುಮಟ್ಟಿಗೆ ಇಲ್ಲವೇ ಇಲ್ಲ. ತಪ್ಪಾಗಿ ಒತ್ತಿದರೂ ಒತ್ತದೇ ನಿಲ್ಲುವುದಕ್ಕಿಂತ ಮೇಲು ಎಂಬ ಒಂದು ಮಾತನ್ನು ಪ್ರತಿಯೊಂದು ಮನೆಯ ಮಕ್ಕಳೂ ಅರಿತರೆ ಈ ಶಿಕ್ಷಣದ ಉದ್ದೇಶ ಸಫಲವಾದಂತೆಯೇ ಸರಿ.